ಕಂಬದ ಬುಡ ನೋಡುತ್ತ ಜಪಾನಿನಲ್ಲಿ ಎಂಟು ದಿನ

ಜೂನ್‌ನಲ್ಲಿ ಜಪಾನಿಗೆ ಹೋಗ್ತಿದೀವಿ ಅಂದಾಗ ಆಫೀಸಿನಲ್ಲಿ ಎಲ್ಲರೂ ನಕ್ಕರು. ಚೆರ್ರಿ ಹೂವು ಏಪ್ರಿಲ್‌ನಲ್ಲೇ ಉದುರಿ ಮುಗಿದಿರುತ್ತದೆ, ಮೇಪಲ್ ಎಲೆ ಕೆಂಪಾಗಲು ನವೆಂಬರ್ ಬರಬೇಕು, ಜೂನ್ ಅಂದರೆ ಅಲ್ಲೂ ಮಳೆಗಾಲ. ಆದರೆ ವಿಮಾನದ ಟಿಕೆಟ್ ಅಗ್ಗವಾಗಿತ್ತು. ಅದಕ್ಕಿಂತ ಮುಖ್ಯವಾಗಿ ಅಪ್ಪಯ್ಯನಿಗೆ ಬಿಡುವಾಗುವುದೇ ಆಗ: ಅಡಿಕೆಗೆ ಮೊದಲ ಸುತ್ತಿನ ಕೊಳೆ ಔಷಧಿ ಹೊಡೆದು ಮುಗಿದಿರುತ್ತದೆ, ಎರಡನೆಯದಕ್ಕೆ ಇನ್ನೂ ಸಮಯವಿರುತ್ತದೆ. ಅಮ್ಮ ಮಾತ್ರ ಬರಲಿಲ್ಲ. "ದನ ನೋಡೋರ್ಯಾರು? ನೀವಿಬ್ರೂ ಹೋಗಿ ಅಲ್ಲೂ ಮಳೆ ನೆನೀರಿ" ಅಂದಳು.

ಅಪ್ಪಯ್ಯ ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವರು. ನಿವೃತ್ತರಾಗಿ ತೀರ್ಥಹಳ್ಳಿ ಹತ್ತಿರದ ಹಳೇ ಮನೆಗೆ ಬಂದು ಒಂಬತ್ತು ವರ್ಷ. ಹೊರಡುವ ಹೊತ್ತಿಗೆ ಮನೆಯಲ್ಲೊಂದು ತಕರಾರು ನಡೆದಿತ್ತು. ಜಗಲಿಯ ನಾಲ್ಕು ಹಲಸಿನ ಕಂಬಗಳಲ್ಲಿ ಒಂದರ ಬುಡಕ್ಕೆ ಎರಚಲು ಹೊಡೆದು ಗೆದ್ದಲು ಹಿಡಿದಿತ್ತು. ನಾನೂ ತಮ್ಮನೂ ಒಂದೇ ಮಾತು: ನಾಲ್ಕನ್ನೂ ಕಿತ್ತು ಸಿಮೆಂಟಿನ ಕಂಬ ಹಾಕಿಸಿಬಿಡಿ. ಅಪ್ಪಯ್ಯ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಕಂಬಕ್ಕೊಂದು ಅಡಿಕೆ ದಬ್ಬೆ ಆನಿಸಿ ನಿಲ್ಲಿಸಿ, ಒಂದು ನೋಟ್‌ಬುಕ್ಕು, ಒಂದು ಟೇಪು, ಒಂದು ಬಾಟಲಿ ಮಿಡಿ ಉಪ್ಪಿನಕಾಯಿ ಚೀಲಕ್ಕೆ ಹಾಕಿಕೊಂಡು ಹೊರಟರು.

ಮೊದಲ ದಿನ: ಮೊಣಕಾಲೂರಿದ ಅಪ್ಪಯ್ಯ

ವಿಮಾನ ಇಳಿದ ಕಾನ್ಸಾಯ್ ನಿಲ್ದಾಣ ಸಮುದ್ರದಲ್ಲಿ ಮಣ್ಣು ತುಂಬಿ ಕಟ್ಟಿದ ದ್ವೀಪ. 1994ರಲ್ಲಿ ತೆರೆದದ್ದು, ಅಂದಿನಿಂದಲೂ ನಿಧಾನಕ್ಕೆ ಕುಸಿಯುತ್ತಲೇ ಇದೆ. ಈ ಸಂಗತಿಯನ್ನು ಅಪ್ಪಯ್ಯ ಚಕ್ರ ನೆಲ ಮುಟ್ಟಿದ ಕ್ಷಣದಲ್ಲೇ, ಪಕ್ಕದ ಸೀಟಿನವರಿಗೂ ಕೇಳುವಂತೆ ಹೇಳಿದರು.

ರೈಲು ಹಿಡಿದು ಕ್ಯೋಟೊ ಸೇರಿ, ಲಗೇಜು ಇಟ್ಟು, ಊಟಕ್ಕೂ ಮುಂಚೆ ಹೋಟೆಲಿನಿಂದ ನಡೆದೇ ನಿಶಿ ಹೊಂಗಾನ್‌ಜಿಗೆ ಹೋದೆವು. ಹೆಚ್ಚು ಜನ ಇದನ್ನು ಪಟ್ಟಿಯಲ್ಲಿ ಸೇರಿಸುವುದಿಲ್ಲ. ನಿಲ್ದಾಣಕ್ಕೆ ಹತ್ತಿರ, ಒಳಗೆ ಹೋಗಲು ದುಡ್ಡಿಲ್ಲ, ಗದ್ದಲವೂ ಇಲ್ಲ. ಎರಡು ದೊಡ್ಡ ಮರದ ಮಂದಿರಗಳು, ಒಂದು 1636ರದ್ದು, ಇನ್ನೊಂದು 1760ರದ್ದು. ಎರಡಕ್ಕೂ ಸುತ್ತ ಅಗಲವಾದ ಜಗಲಿ. ಚಪ್ಪಲಿ ಬಿಟ್ಟು ಹತ್ತಿದರೆ ಕಾಲಿಗೆ ತಣ್ಣಗಿನ, ನುಣುಪಾದ ಹಲಗೆ. ನಮ್ಮನೆಯ ಉಪ್ಪರಿಗೆ ನೆನಪಾಯಿತು.

ಅಲ್ಲಿ ಅಪ್ಪಯ್ಯ ಇದ್ದಕ್ಕಿದ್ದಂತೆ ಮೊಣಕಾಲೂರಿ ಕೂತರು. ನಮಸ್ಕಾರ ಮಾಡುತ್ತಿದ್ದಾರೆ ಅಂದುಕೊಂಡೆ. "ಇಲ್ಲಿ ನೋಡೇ, ಮೀನು!" ಅಂದರು.

ನೆಲದ ಹಲಗೆಯಲ್ಲಿ ನಿಜವಾಗಿಯೂ ಒಂದು ಮೀನಿತ್ತು. ಹಲಗೆ ಸೀಳಿದಲ್ಲಿ, ಗಂಟು ಬಿದ್ದುಹೋದಲ್ಲಿ, ಬಡಗಿಗಳು ಅಷ್ಟನ್ನೇ ಕೊರೆದು ತೆಗೆದು ಬೇರೆ ಮರದ ತುಂಡು ಕೂರಿಸಿದ್ದಾರೆ. ಸುಮ್ಮನೆ ಚೌಕಾಕಾರಕ್ಕೆ ಕೊಯ್ದು ಕೂರಿಸಿದ್ದರೂ ಕೆಲಸ ಆಗುತ್ತಿತ್ತು. ಅವರು ಮೀನು, ಸೋರೆಕಾಯಿ, ಫುಜಿ ಬೆಟ್ಟ, ಎಲೆಯ ಆಕಾರಗಳಲ್ಲಿ ಕೂರಿಸಿದ್ದಾರೆ. ಇದಕ್ಕೆ ಉಮೆಕಿ ಅನ್ನುತ್ತಾರಂತೆ. ಮುಂದಿನ ಮುಕ್ಕಾಲು ಗಂಟೆ ನಾವಿಬ್ಬರೂ ಜಗಲಿಯುದ್ದಕ್ಕೂ ತೇಪೆ ಹುಡುಕಿದೆವು. ಒಳಗೆ ಪ್ರಾರ್ಥನೆ ನಡೆದಿತ್ತು. ಬುದ್ಧನ ದರ್ಶನ ಕೊನೆಗೆ, ಹೊರಡುವ ಅವಸರದಲ್ಲಿ ಆಯಿತು.

ಅಂಗಳದಲ್ಲಿ ಬೇರು ಮೇಲಾಗಿ ನೆಟ್ಟಂತೆ ಅಡ್ಡಡ್ಡ ಹಬ್ಬಿರುವ ದೊಡ್ಡದೊಂದು ಗಿಂಕೊ ಮರವಿದೆ. 1788ರಲ್ಲಿ ಕ್ಯೋಟೊ ಹೊತ್ತಿ ಉರಿದಾಗ ಈ ಮರ ನೀರು ಚಿಮ್ಮಿಸಿ ಮಂದಿರವನ್ನು ಉಳಿಸಿತು ಅಂತ ಐತಿಹ್ಯ. ಮರದ ಊರಿಗೆ ಬೆಂಕಿಯ ಭಯ ಎಷ್ಟಿತ್ತು ಅನ್ನುವುದು ಈ ಕತೆಯಲ್ಲೇ ಗೊತ್ತಾಗುತ್ತದೆ. ಸಂಜೆ ಅಂಗಡಿಯಲ್ಲಿ ತಗೊಂಡ ಅನ್ನದ ಉಂಡೆಯ ನಡುವೆ ಉಪ್ಪು ಹಾಕಿದ ಹುಳಿ ಕಾಯಿಯೊಂದು ಸಿಕ್ಕಿತು. ಉಮೆಬೊಶಿ. ಅಪ್ಪಯ್ಯ ಕಚ್ಚಿ ಕಣ್ಣು ಕಿರಿದು ಮಾಡಿ, "ನಮ್ಮ ಮಿಡಿಗೆ ಸಮ ಅಲ್ಲ, ಆದ್ರೆ ನೆಂಟಸ್ತನ ಇದೆ" ಅಂತ ತೀರ್ಪು ಕೊಟ್ಟರು. ಜೂನಿನ ಈ ಮಳೆಗಾಲಕ್ಕೆ ಅವರು ತ್ಸುಯು ಅನ್ನುತ್ತಾರೆ. ಬರೆಯುವ ಅಕ್ಷರಗಳ ಅರ್ಥ ಉಮೆ ಕಾಯಿಯ ಮಳೆ. ನಮ್ಮ ಮಾವಿನ ಮಳೆಯ ಹಾಗೆ.

ಎರಡನೇ ದಿನ: ಕೊಳಲೂದುವ ಗರುಡ

ಬೆಳಗ್ಗೆ ಸಾಂಜುಸಾಂಗೆನ್‌ದೊ. ಸುಮಾರು 120 ಮೀಟರ್ ಉದ್ದದ ಒಂದೇ ಮರದ ಮಂದಿರ, ಒಳಗೆ ಸಾವಿರದ ಒಂದು ಕಾನ್ನೊನ್ ವಿಗ್ರಹಗಳು, ಅಂದರೆ ಅವಲೋಕಿತೇಶ್ವರ. ನಡುವೆ ಕೂತ ದೊಡ್ಡದೊಂದು, ಅಕ್ಕಪಕ್ಕ ಐನೂರೈನೂರು ನಿಂತವು. 1249ರ ಬೆಂಕಿಯಲ್ಲಿ ಹಳೆಯ ಮಂದಿರ ಸುಟ್ಟುಹೋಯಿತು. ನಿಂತ ವಿಗ್ರಹಗಳಲ್ಲಿ ಉಳಿದದ್ದು 124. ಮಿಕ್ಕವನ್ನು ಮತ್ತೆ ಕೆತ್ತಿ, 1266ರ ಹೊತ್ತಿಗೆ ಈಗಿರುವ ಮಂದಿರ ಕಟ್ಟಿದರು. ಆ ಉರಿಯೊಳಗೆ ನುಗ್ಗಿ ಆಳೆತ್ತರದ ವಿಗ್ರಹಗಳನ್ನು ಹೊತ್ತು ತಂದವರು ಯಾರೋ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಸಾಲಿನ ಇಪ್ಪತ್ತೆಂಟು ಕಾವಲು ದೇವತೆಗಳು. ಬೊಂತೆನ್ ಅಂದರೆ ಬ್ರಹ್ಮ. ತೈಶಾಕು ಅಂದರೆ ಇಂದ್ರ. ಮೈಯ ನರಗಳೆಲ್ಲ ಬಿಗಿದು ನಿಂತ ಜಟ್ಟಿಯ ಹೆಸರು ನಾರಾಯೆನ್. ಎಲುಬು ಕಾಣುವ ಮುದಿ ಋಷಿ ಬಾಸು, ನಮ್ಮ ವಸು. ರೆಕ್ಕೆ ಬಿಚ್ಚಿ ಕೊಕ್ಕಿನಲ್ಲಿ ಕೊಳಲೂದುತ್ತ ನಿಂತವನು ಕಾರುರಾ. "ಗರುಡ ಕೊಳಲೂದೋದು ಯಾವ ಪುರಾಣದಲ್ಲೂ ಇಲ್ಲಲ್ಲೇ" ಅಂದರು ಅಪ್ಪಯ್ಯ. ಯಜಮಾನನಿಂದ ಕಲಿತಿರಬೇಕು ಅಂದೆ. ನಗು ತಡೆಯಲಾಗದೆ ಹೊರಗೆ ಬಂದೆವು. ಒಳಗೆ ಫೋಟೊ ತೆಗೆಯುವಂತಿಲ್ಲ, ಹೀಗಾಗಿ ಅಮ್ಮನಿಗೆ ಬಾಯಲ್ಲೇ ವರ್ಣಿಸಬೇಕಾಯಿತು.

ಮಧ್ಯಾಹ್ನ ಕಿಯೊಮಿಜು-ದೆರಾ. ದಾರಿ ತುಂಬ ಛತ್ರಿಗಳು. ಬಾಡಿಗೆ ಕಿಮೊನೊ ಉಟ್ಟ ಹುಡುಗಿಯರು ಸೆರಗಿಲ್ಲದ ಬಟ್ಟೆಯನ್ನು ಕೆಸರಿನಿಂದ ಎತ್ತಿ ಹಿಡಿಯಲು ಒದ್ದಾಡುತ್ತಿದ್ದರು. ಬೆಟ್ಟದಿಂದ ಮುಂದಕ್ಕೆ ಚಾಚಿದ ಮರದ ಅಟ್ಟಣೆಗೇ ಈ ದೇವಸ್ಥಾನ ಹೆಸರುವಾಸಿ. ಎತ್ತರ 13 ಮೀಟರ್, ಕಟ್ಟಿದ್ದು 1633ರಲ್ಲಿ. ಧೈರ್ಯ ಮಾಡಿ ಏನಾದರೂ ನಿರ್ಧಾರ ತಗೊಳ್ಳುವುದಕ್ಕೆ ಜಪಾನಿನಲ್ಲಿ "ಕಿಯೊಮಿಜು ಅಟ್ಟಣೆಯಿಂದ ಹಾರಿದ ಹಾಗೆ" ಅನ್ನುತ್ತಾರೆ. ಹಿಂದೆ ಹರಕೆ ಹೊತ್ತು ನಿಜವಾಗಿಯೂ ಹಾರುತ್ತಿದ್ದರು, ಹೆಚ್ಚಿನವರು ಬದುಕಿಯೂ ಉಳಿದರು. 1872ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು.

ಎಲ್ಲರೂ ಅಟ್ಟಣೆಯ ಮೇಲೆ ನಿಂತು ಊರು ನೋಡಿದರೆ ಅಪ್ಪಯ್ಯ ಕೆಳಗಿಳಿದು ಅಟ್ಟಣೆಯ ತಳ ನೋಡಿದರು. ಅಲ್ಲೇ ಇರುವುದು ಸ್ವಾರಸ್ಯ. ಝೆಲ್ಕೋವಾ ಮರದ ದೈತ್ಯ ಕಂಬಗಳು, ಅವುಗಳ ಎದೆ ಕೊರೆದು ಅಡ್ಡಡ್ಡ ತೂರಿಸಿದ ತೊಲೆಗಳು, ಸಂದಿಗೆ ಬಡಿದ ಬೆಣೆಗಳು. ಈ ಚೌಕಟ್ಟಿನಲ್ಲಿ ಒಂದು ಮೊಳೆ ಇಲ್ಲ. ಭೂಕಂಪ ಬಂದರೆ ಕೀಲುಗಳು ಅಲುಗಾಡಿ ಪೆಟ್ಟನ್ನು ಹಂಚಿಕೊಳ್ಳುತ್ತವೆ. ಹೊರಕ್ಕೆ ಚಾಚಿದ ಪ್ರತಿ ತೊಲೆಯ ತುದಿಗೂ ಓರೆಯಾಗಿ ಒಂದು ಸಣ್ಣ ಹಲಗೆಯ ಮಾಡು. "ಮರ ಕುಡಿಯೋದು ತುದಿಯಿಂದ. ತುದಿಗೆ ಟೋಪಿ ಹಾಕಿದ್ರೆ ಮುಗೀತು" ಅಂತ ಅದನ್ನು ಬರೆದುಕೊಂಡರು. ಮುಂದೆಂದೋ ಕಂಬ ಬದಲಿಸಬೇಕಾದರೆ ಇರಲಿ ಅಂತ ದೇವಸ್ಥಾನದವರು ಈಗಲೇ ಗಿಡ ನೆಟ್ಟು ಬೆಳೆಸುತ್ತಿದ್ದಾರಂತೆ. ಅಂಥ ಕಂಬಕ್ಕೆ ಮರ ಬಲಿಯಲು ಶತಮಾನಗಳೇ ಬೇಕು.

ಮೂರನೇ ದಿನ: ದೇವಸ್ಥಾನದ ಅಂಗಳದಲ್ಲಿ ಕಾಲುವೆ

ಬೆಳಗ್ಗೆ ರ‍್ಯೋವಾನ್‌ಜಿಯ ಕಲ್ಲಿನ ತೋಟ. ಬಿಳಿ ಜಲ್ಲಿಯಲ್ಲಿ ಹದಿನೈದು ಕಲ್ಲು, ಜಗಲಿಯಲ್ಲಿ ಎಲ್ಲಿ ಕೂತರೂ ಒಂದಾದರೂ ಮರೆಯಾಗುತ್ತದೆ. ಇದರ ಅರ್ಥದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ನಾನು ಸೇರಿಸುವುದೇನಿಲ್ಲ. ಶಾಲೆಯ ಮಕ್ಕಳು ಗಟ್ಟಿಯಾಗಿ ಕಲ್ಲು ಎಣಿಸುತ್ತಿದ್ದರು, ಧ್ಯಾನ ಗೀನ ಸಾಧ್ಯವಾಗಲಿಲ್ಲ. ಹಿತ್ತಲಿನ ಜಗಲಿಯಲ್ಲಿ ಕೈ ತೊಳೆಯುವ ಕಲ್ಲಿನ ತೊಟ್ಟಿಯೊಂದಿದೆ. ಸುತ್ತ ಕೆತ್ತಿದ ಗೆರೆಗಳಿಗೆ ನಡುವಿನ ಚೌಕವನ್ನು ಸೇರಿಸಿ ಓದಿದರೆ ನಾಲ್ಕು ಅಕ್ಷರ, "ನಾನು ತೃಪ್ತಿಯನ್ನಷ್ಟೇ ಬಲ್ಲೆ" ಎಂದು ಅರ್ಥ. ಕಲ್ಲಿನ ತೋಟಕ್ಕಿಂತ ನನಗೆ ಇದು ಹೆಚ್ಚು ಹಿಡಿಸಿತು.

ಮಧ್ಯಾಹ್ನ ಮಾತ್ರ ಅಪ್ಪಯ್ಯನ ಹಬ್ಬ. ನಾನ್‌ಜೆನ್‌ಜಿ ದೊಡ್ಡ ಜೆನ್ ಮಠ. ಮಹಾದ್ವಾರ ದಾಟಿ ಬಲಕ್ಕೆ ತಿರುಗಿದರೆ ಪಾಚಿ, ಪೈನ್ ಮರಗಳ ನಡುವೆ ಕೆಂಪು ಇಟ್ಟಿಗೆಯ ಕಮಾನು ಸಾಲು. ಮೇಲೆ ಹತ್ತಿ ನೋಡಿದರೆ ಕಮಾನಿನ ತಲೆಯ ಮೇಲೆ ಭರ‍್ರನೆ ನೀರು ಹರಿಯುತ್ತಿದೆ! 1888ರಲ್ಲಿ ಕಟ್ಟಿದ ಸೂಯಿರೊಕಾಕು ಮೇಲ್ಗಾಲುವೆ, 93 ಮೀಟರ್ ಉದ್ದ. ಇಂದಿಗೂ ಕೆಲಸ ಮಾಡುತ್ತಿದೆ.

1869ರಲ್ಲಿ ರಾಜಧಾನಿ ತೋಕ್ಯೊಗೆ ಹೋದ ಮೇಲೆ ಕ್ಯೋಟೊ ಸೊರಗಿತು. ಊರನ್ನು ಮೇಲೆತ್ತಲು ಗವರ್ನರ್ ಕಿತಾಗಾಕಿ ಕುನಿಮಿಚಿ ಬೆಟ್ಟದಾಚೆಯ ಬಿವಾ ಸರೋವರದಿಂದ ಕಾಲುವೆ ತರಿಸಲು ಹೊರಟರು. ಕೆಲಸ ಒಪ್ಪಿಸಿದ್ದು ಆಗಷ್ಟೇ ಕಾಲೇಜು ಮುಗಿಸಿದ್ದ ತಾನಾಬೆ ಸಾಕುರೊಗೆ. ಅವನ ಪದವಿಯ ಪ್ರಬಂಧವೇ ಈ ಕಾಲುವೆಯ ಬಗ್ಗೆ. 1885ರಲ್ಲಿ ಶುರುವಾಗಿ 1890ರಲ್ಲಿ ಮುಗಿಯಿತು. ಮರುವರ್ಷವೇ ಕೆಆಗೆಯಲ್ಲಿ ಜಲವಿದ್ಯುತ್, 1895ರಲ್ಲಿ ಅದೇ ವಿದ್ಯುತ್ತಿನಿಂದ ಊರಿಗೆ ಟ್ರಾಮು. ದೋಣಿಗಳನ್ನು ಹಳಿಯ ಮೇಲೆ ಕೂರಿಸಿ ಗುಡ್ಡ ಹತ್ತಿಸಿ ಇಳಿಸುತ್ತಿದ್ದ ಇಳಿಜಾರು ಈಗಲೂ ಇದೆ, ಜನ ಅಲ್ಲಿ ಹಳಿ ಮಧ್ಯೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

"ಇಪ್ಪತ್ಮೂರು ವರ್ಷದ ಹುಡುಗ ಮಾರಾಯ್ತಿ! ಆ ವಯಸ್ಸಲ್ಲಿ ನಂಗೆ ಲೆವೆಲ್ ಮೆಷಿನ್ ಹೊರೋ ಕೆಲ್ಸ ಕೊಟ್ಟಿದ್ರು." ಆಮೇಲೆ ಒಂದು ಕ್ಷಣ ಸುಮ್ಮನಿದ್ದು, "ಸರ್ ಎಂ.ವಿ. 1898ರಲ್ಲಿ ಜಪಾನಿಗೆ ಬಂದಿದ್ರು. ಇದನ್ನ ನೋಡದೆ ಹೋಗಿರ್ತಾರಾ?" ಅಂದರು. ನಮ್ಮ ಶಿವನಸಮುದ್ರದಿಂದ ಕೆಜಿಎಫ್‌ಗೆ ವಿದ್ಯುತ್ ಹರಿದದ್ದು 1902ರಲ್ಲಿ, ಕೆಆಗೆ ಆದ ಹನ್ನೊಂದು ವರ್ಷಕ್ಕೆ. ಮನೆಯ ಪಡಸಾಲೆಯಲ್ಲಿ ದೇವರ ಫೋಟೊಗಳ ಸಾಲಿನಲ್ಲೇ ವಿಶ್ವೇಶ್ವರಯ್ಯನವರನ್ನು ತೂಗುಹಾಕಿರುವ ಮನುಷ್ಯ ಆ ಇಟ್ಟಿಗೆಯನ್ನು ಅಂಗೈಯಲ್ಲಿ ಮುಟ್ಟಿ ನಿಂತಿದ್ದನ್ನು ನಾನು ಫೋಟೊ ತೆಗೆಯಲಿಲ್ಲ.

ಹತ್ತಿರದ ಮುರಿನ್-ಆನ್ ತೋಟಕ್ಕೂ ಹೋದೆವು. ಯಾಮಾಗಾತಾ ಅರಿತೊಮೊ ಎಂಬ ರಾಜಕಾರಣಿಯ ಬಂಗಲೆ, ತೋಟ ಮಾಡಿದವನು ಏಳನೇ ಒಗಾವಾ ಜಿಹೇಯ್. ತೊರೆ ಬೆಟ್ಟದಿಂದಲೇ ಇಳಿದು ಬರುವಂತೆ ಕಾಣುತ್ತದೆ, ಆದರೆ ನೀರು ಅದೇ ಕಾಲುವೆಯದು. ಇಷ್ಟು ಸಹಜವಾಗಿ ಕಾಣುವ ತೊರೆಯ ಹಿಂದೆ ಅಷ್ಟೊಂದು ಸುರಂಗಗಳಿವೆ ಅಂತ ಗೊತ್ತಾದ ಮೇಲೆ ಜಪಾನಿನ ತೋಟಗಳನ್ನು ನಾನು ಮೊದಲಿನ ಹಾಗೆ ನೋಡಲಿಲ್ಲ. ನೀರು ಕಂಡಲ್ಲೆಲ್ಲ ಎಲ್ಲಿಂದ ಬಂತು ಅಂತ ಹುಡುಕುವ ಚಾಳಿ ಅಂಟಿಕೊಂಡಿತು.

ರಾತ್ರಿ ಊಟಕ್ಕೆ ಬಿಸಿನೀರಲ್ಲಿ ಬೇಯಿಸಿದ ತೋಫು. ಸಸ್ಯಾಹಾರ ಅಂತ ಹೇಳಿ ತಗೊಂಡರೂ ಸಾರಿನ ತಿಳಿಯಲ್ಲಿ ಒಣಮೀನಿನ ರಸ ಇರುತ್ತದೆ, ಮೊದಲೇ ಕೇಳಿಕೊಳ್ಳಬೇಕು. ಕೇಳಿದೆವು, ಇತ್ತು, ಬಿಟ್ಟೆವು. ಅನ್ನ, ಮಿಡಿ ಉಪ್ಪಿನಕಾಯಿ.

ನಾಲ್ಕನೇ ದಿನ: ಕಣ್ಣು ತೆರೆಸಿದವನು

ನಾರಾ. ನಿಲ್ದಾಣದಿಂದ ಹತ್ತು ನಿಮಿಷ ನಡೆಯುವಷ್ಟರಲ್ಲಿ ಜಿಂಕೆಗಳು ಶುರು. ಬಾಗಿ ನಮಸ್ಕಾರ ಮಾಡುತ್ತವೆ, ಬಿಸ್ಕತ್ತು ಕೊಡದಿದ್ದರೆ ಅಂಗಿ ಕಚ್ಚುತ್ತವೆ. ಒಂದು ಅಪ್ಪಯ್ಯನ ಜೇಬಿನಿಂದ ನೋಟ್‌ಬುಕ್ಕನ್ನೇ ಎಳೆದು, ಕಿಯೊಮಿಜುವಿನ ತೊಲೆಯ ಪುಟ ಹರಿದು ತಿಂದಿತು. "ತಿನ್ನಲಿ ಬಿಡು, ತಲೇಲಿದೆ" ಅಂದರೂ ಮಧ್ಯಾಹ್ನದವರೆಗೆ ಮುಖ ಸಣ್ಣಗಾಗಿತ್ತು.

ತೊದಾಯ್‌ಜಿ ದೇವಸ್ಥಾನದ ದಕ್ಷಿಣ ಮಹಾದ್ವಾರ 1199ರದ್ದು. ಕೆಳಗೆ ನಿಂತು ಕತ್ತು ಎತ್ತಿದರೆ ಮೇಲೆ ಛತ್ತಿಲ್ಲ. ಕಂಬಗಳನ್ನು ತೂರಿಕೊಂಡ ತೊಲೆಗಳು ಒಂದರ ಮೇಲೊಂದು, ಕತ್ತಲಿನವರೆಗೆ. ಇಡೀ ಪ್ರವಾಸದಲ್ಲಿ ನನಗೆ ಮೈ ಜುಮ್ಮೆಂದದ್ದು ಇಲ್ಲೇ, ಒಳಗಿನ ಬುದ್ಧನ ಮುಂದೆಯೂ ಅಲ್ಲ.

ಬುದ್ಧ ಕಂಚಿನವನು, ಎತ್ತರ ಸುಮಾರು 15 ಮೀಟರ್. ಅವನ ಮನೆ 1180ರಲ್ಲೊಮ್ಮೆ, 1567ರಲ್ಲೊಮ್ಮೆ, ಎರಡು ಸಲವೂ ಯುದ್ಧದ ಬೆಂಕಿಗೆ ಸುಟ್ಟಿತು. ಈಗಿನ ಮಂದಿರ 1709ರದ್ದು, 57 ಮೀಟರ್ ಅಗಲ. ಮೊದಲಿದ್ದುದಕ್ಕಿಂತ ಅಗಲದಲ್ಲಿ ಮೂರನೇ ಒಂದರಷ್ಟು ಸಣ್ಣದು. ಆ ಹೊತ್ತಿಗೆ ಅಂಥ ದಪ್ಪ ಮರಗಳೇ ಮುಗಿದಿದ್ದವು. ಒಳಗಿನ ಕಂಬಗಳನ್ನು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ: ಹಲವು ಮರದ ತುಂಡು ಜೋಡಿಸಿ, ಪೀಪಾಯಿಗೆ ಬಿಗಿದ ಹಾಗೆ ಕಬ್ಬಿಣದ ಪಟ್ಟಿ ಬಿಗಿದಿದ್ದಾರೆ. ಅಪ್ಪಯ್ಯ ಕಂಬವನ್ನು ಬೆರಳಲ್ಲಿ ತಟ್ಟಿದರು. "ಇಡೀ ಮರ ಸಿಗ್ಲಿಲ್ಲ ಅಂತ ಸುಮ್ನೆ ಕೂರ್ಲಿಲ್ಲ ನೋಡು ಇವ್ರು."

752ರಲ್ಲಿ ಈ ಬುದ್ಧನ ಕಣ್ಣಿಗೆ ಪಾಪೆ ಬರೆದು ಪ್ರತಿಷ್ಠೆ ಮಾಡಿದವನು ನಮ್ಮ ದೇಶದ ಸನ್ಯಾಸಿ, ಬೋಧಿಸೇನ. 736ರಲ್ಲಿ ಚೀನಾ ಮಾರ್ಗವಾಗಿ ಇಲ್ಲಿಗೆ ಬಂದ, ಮತ್ತೆ ಊರಿಗೆ ಹೋಗಲಿಲ್ಲ, 760ರಲ್ಲಿ ಇಲ್ಲೇ ತೀರಿಕೊಂಡ. ಅವನು ಹಿಡಿದ ಕುಂಚಕ್ಕೆ ಉದ್ದುದ್ದ ದಾರ ಕಟ್ಟಿದ್ದರಂತೆ, ನೆರೆದವರು ಆ ದಾರ ಹಿಡಿದು ಪುಣ್ಯಕ್ಕೆ ಪಾಲುದಾರರಾದರು. ಆ ಕುಂಚವೂ ದಾರವೂ ಶೊಸೊಯಿನ್ ಭಂಡಾರದಲ್ಲಿ ಇಂದಿಗೂ ಇವೆ. ನಮ್ಮ ಕಡೆ ದೇವಸ್ಥಾನದಲ್ಲಿ ನೇತ್ರೋನ್ಮೀಲನ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಾದಾಮಿಯಲ್ಲಿ ಚಾಲುಕ್ಯರ ಕಾಲ ಮುಗಿಯುತ್ತ ಬಂದಿದ್ದಾಗ ಇಲ್ಲೊಬ್ಬ ನಮ್ಮವನು ಹದಿನೈದು ಮೀಟರಿನ ಬುದ್ಧನ ಕಣ್ಣೆದುರು ಕುಂಚ ಹಿಡಿದು ನಿಂತಿದ್ದ.

ಐದನೇ ದಿನ: ಮುರಿದ ಮರದ ಕತೆ

ಹಿಮೇಜಿ. ಕ್ಯೋಟೊದಿಂದ ಶಿನ್‌ಕಾನ್‌ಸೆನ್‌ನಲ್ಲಿ, ಅಂದರೆ ಬುಲೆಟ್ ರೈಲಿನಲ್ಲಿ, ಒಂದು ಗಂಟೆಗೂ ಕಡಿಮೆ. ನಿಲ್ದಾಣದಿಂದ ಹೊರಬಂದರೆ ನೇರ ರಸ್ತೆಯ ತುದಿಯಲ್ಲಿ ಬೆಳ್ಳಕ್ಕಿ ಕೂತ ಹಾಗೆ ಕೋಟೆ. ಅದನ್ನು ಶ್ವೇತ ಕೊಕ್ಕರೆಯ ಕೋಟೆ ಅಂತಲೇ ಕರೆಯುತ್ತಾರೆ. ದೊಡ್ಡ ಗೋಪುರ 1609ರಲ್ಲಿ ಇಕೆದಾ ತೆರುಮಾಸಾ ಕಟ್ಟಿಸಿದ್ದು. ಸಮುರಾಯ್‌ಗಳ ಕಾಲ ಮುಗಿದ ಮೇಲೆ ಇದನ್ನು 23 ಯೆನ್ ಚಿಲ್ಲರೆಗೆ ಹರಾಜು ಹಾಕಿದ್ದರು ಅನ್ನುತ್ತಾರೆ. 1945ರ ಜುಲೈನ ವಾಯುದಾಳಿಯಲ್ಲಿ ಸುತ್ತಲ ಊರು ಬೂದಿಯಾಯಿತು. ಗೋಪುರದ ತುದಿಯ ಅಂತಸ್ತಿಗೆ ಬಿದ್ದ ಬಾಂಬು ಸಿಡಿಯಲೇ ಇಲ್ಲ.

ಒಳಗೆ ಹೋಗಲು ಚಪ್ಪಲಿ ಚೀಲದಲ್ಲಿ ಹಾಕಿ ಕೈಯಲ್ಲಿ ಹಿಡಿಯಬೇಕು. ಮೆಟ್ಟಿಲುಗಳು ನಮ್ಮ ಅಟ್ಟದ ಏಣಿಗಿಂತ ತುಸು ವಾಸಿ ಅಷ್ಟೆ. ಅಪ್ಪಯ್ಯನ ಮಂಡಿಯ ಯೋಚನೆ ನನಗೆ. ಅವರಿಗೆ ಕಂಬದ ಯೋಚನೆ. ನೆಲಮಾಳಿಗೆಯಿಂದ ಮೇಲಿನವರೆಗೆ ಎರಡು ಮಹಾಕಂಬಗಳು, ಒಂದೊಂದೂ ಇಪ್ಪತ್ತನಾಲ್ಕು ಮೀಟರಿಗೂ ಉದ್ದ. ಇಡೀ ಗೋಪುರ ನೇತುಬಿದ್ದಿರುವುದು ಇವೆರಡರ ಮೇಲೆ.

ಮೂರನೇ ಅಂತಸ್ತಿನಲ್ಲಿ ನಾವು ಕಂಬದ ಸುತ್ತ ಸುತ್ತುತ್ತಿದ್ದುದನ್ನು ಕಂಡು ಒಬ್ಬ ವಯಸ್ಸಾದ ಸ್ವಯಂಸೇವಕ ಗೈಡ್ ಹತ್ತಿರ ಬಂದರು. ಅವರ ಇಂಗ್ಲಿಷು, ಅಪ್ಪಯ್ಯನ ಇಂಗ್ಲಿಷು, ನಡುವೆ ಪೆನ್ಸಿಲ್. 1956ರಿಂದ 1964ರವರೆಗೆ ಗೋಪುರವನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದರಂತೆ. ಪಶ್ಚಿಮದ ಕಂಬ ಕೆಟ್ಟುಹೋಗಿತ್ತು. ಕಿಸೊ ಕಾಡಿನಲ್ಲಿ ಬಹಳ ಹುಡುಕಿ ಒಂದು ಹಿನೊಕಿ ಮರ ಕಡಿದರು, ತರುವಾಗ ಅದು ಮುರಿಯಿತು! ಕೊನೆಗೆ ಕಾಸಾಗಾತಾ ದೇಗುಲದ ವನದಿಂದ ಇನ್ನೊಂದು ಮರ ತಂದು, ಎರಡನ್ನೂ ಕಚ್ಚು ಹಾಕಿ ಕೂಡಿಸಿದರು. ಆ ಕೂಡಿಕೆ ಇರುವುದು ಇದೇ ಮೂರನೇ ಅಂತಸ್ತಿನಲ್ಲಿ, ನಾವು ನಿಂತಲ್ಲಿ. ಪೂರ್ವದ ಕಂಬ ಮೇಲೆಲ್ಲ ಗಟ್ಟಿಯಿತ್ತು, ಬುಡ ಮಾತ್ರ ಕೊಳೆತಿತ್ತು. ಅಷ್ಟನ್ನೇ ಕೊಯ್ದು ಹೊಸ ಬುಡ ಕೂಡಿಸಿದರು. "ನೆತ್ಸುಗಿ" ಅಂದರು ಗೈಡ್. ನೆ ಅಂದರೆ ಬೇರು. ತ್ಸುಗಿ ಅಂದರೆ ಕೂಡಿಸುವುದು.

ಅಪ್ಪಯ್ಯ ನನ್ನ ಕಡೆ ತಿರುಗಿ ನೋಡಿದರು. ಏನೂ ಹೇಳಲಿಲ್ಲ. ಹೇಳಬೇಕಾಗಿರಲೂ ಇಲ್ಲ.

ಫೋನಿನಲ್ಲಿ ನಮ್ಮ ಜಗಲಿಯ ಫೋಟೊ ತೋರಿಸಿದ್ದೇ ತಡ, ಗೈಡ್ ಕನ್ನಡಕ ಮೇಲೇರಿಸಿ, ದೊಡ್ಡದು ಮಾಡಿ ನೋಡಿ, ಹಲಸಿನ ಮರದ ಬಣ್ಣ ಕೇಳಿ, ಕಂಬದ ಕೆಳಗಿನ ಕಲ್ಲು ಕೇಳಿದರು. ಹೊರಡುವಾಗ ಅಪ್ಪಯ್ಯನ ನೋಟ್‌ಬುಕ್ಕಿನಲ್ಲಿ ಒಂದು ಹೆಸರು ಬರೆದುಕೊಟ್ಟರು: ಒಸಾಕಾ ಕೋಟೆ, ಒತೆಮೊನ್ ಬಾಗಿಲು. ಗೋಪುರವಲ್ಲ, ಬಾಗಿಲು ನೋಡಿ ಅಂತ ಎರಡು ಸಲ ಹೇಳಿದರು.

ಆರನೇ ದಿನ

ಪ್ರಯಾಣವೇ ಹೆಚ್ಚು. ಕ್ಯೋಟೊದಿಂದ ಕಾನಾಜಾವಾಗೆ ಮೊದಲು ಒಂದೇ ರೈಲಿತ್ತು. 2024ರ ಮಾರ್ಚ್‌ನಲ್ಲಿ ಶಿನ್‌ಕಾನ್‌ಸೆನ್ ತ್ಸುರುಗಾವರೆಗೆ ಬಂದ ಮೇಲೆ ಅಲ್ಲಿ ಇಳಿದು ಬದಲಿಸಬೇಕು. ಬದಲಿಸುವ ಗಡಿಬಿಡಿಯಲ್ಲಿ ಛತ್ರಿ ರೈಲಿನಲ್ಲೇ ಉಳಿಯಿತು. "ಊಟದ ಡಬ್ಬಿ ಮರೆತರೂ ಛತ್ರಿ ಮರೀಬೇಡ" ಅನ್ನುವುದು ಕಾನಾಜಾವಾದ ಗಾದೆ ಅಂತ ಹೋಟೆಲಿನ ಹುಡುಗಿ ನಗುತ್ತ ಹೇಳಿದಳು. ಹೊಸ ಛತ್ರಿ ಕೊಂಡು ಸಂಜೆ ನಾಗಾಮಾಚಿಯ ಸಮುರಾಯ್ ಕೇರಿಯಲ್ಲಿ ಅಡ್ಡಾಡಿದೆವು. ಮಣ್ಣಿನ ಗೋಡೆ, ಗೋಡೆಗೆ ಹಂಚಿನ ಟೋಪಿ, ಪಕ್ಕದಲ್ಲಿ ತುಂಬಿ ಹರಿಯುವ ಕಾಲುವೆ. ನಮ್ಮ ಆಗರದ ಸುತ್ತಲಿನ ಮಣ್ಣಿನ ಗೋಡೆಗೂ ಸೋಗೆ ಹೊದಿಸುತ್ತಿದ್ದ ಕಾಲವಿತ್ತು. ಈಗ ತಂತಿ ಬೇಲಿ.

ಏಳನೇ ದಿನ: ಗುಡ್ಡ ಇಳಿದು ಗುಡ್ಡ ಹತ್ತುವ ನೀರು

ಆರಿದ್ರಾ ಮಳೆ ಆರದೆ ಹೊಯ್ಯುತ್ತದೆ ಅಂತ ನಮ್ಮಲ್ಲೊಂದು ಮಾತಿದೆ. ಕಾನಾಜಾವಾದಲ್ಲೂ ಅದೇ ಆರಿದ್ರಾ. ಬೆಳಗ್ಗೆ ಏಳೂವರೆಗೇ ಕೆನ್‌ರೊಕು-ಎನ್ ಒಳಗಿದ್ದೆವು. ಜಪಾನಿನ ಮೂರು ಮಹಾತೋಟಗಳಲ್ಲಿ ಒಂದು. ಕಾಗಾ ಸೀಮೆಯ ಒಡೆಯರಾದ ಮಾಎದಾ ವಂಶದವರು ತಲೆಮಾರುಗಳ ಕಾಲ ಬೆಳೆಸಿದ್ದು, 1874ರಲ್ಲಿ ಸಾರ್ವಜನಿಕರಿಗೆ ತೆರೆದದ್ದು. ಹೆಸರಿನ ಅರ್ಥ ಆರೂ ಗುಣ ಕೂಡಿದ ತೋಟ: ವಿಸ್ತಾರ, ಏಕಾಂತ, ಮನುಷ್ಯನ ಕೈಚಳಕ, ಹಳಮೆ, ನೀರು, ದೂರದ ನೋಟ. ವಿಸ್ತಾರವಿದ್ದಲ್ಲಿ ಏಕಾಂತ ಇರುವುದಿಲ್ಲ, ಕೈಚಳಕ ಹೆಚ್ಚಾದರೆ ಹಳಮೆ ಕೆಡುತ್ತದೆ, ನೀರು ತಗ್ಗಿನಲ್ಲಿರುತ್ತದೆ, ದೂರದ ನೋಟಕ್ಕೆ ಎತ್ತರ ಬೇಕು. ಒಂದಕ್ಕೊಂದು ಆಗದ ಜೋಡಿಗಳು ಇಲ್ಲಿ ಒಟ್ಟಿಗಿವೆ ಎನ್ನುವುದು ಹೆಚ್ಚುಗಾರಿಕೆ.

ಕೊನೆಯ ಜೋಡಿಯೇ ಅಪ್ಪಯ್ಯನನ್ನು ಕೆಣಕಿದ್ದು. "ಗುಡ್ಡದ ತಲೆ ಮೇಲೆ ಇಷ್ಟು ದೊಡ್ಡ ಕೆರೆ. ನೀರೆಲ್ಲಿಂದ?" ಅಂದರು.

1631ರಲ್ಲಿ ಕಾನಾಜಾವಾ ಊರೂ ಕೋಟೆಯೂ ಹೊತ್ತಿ ಉರಿದವು. ಕೋಟೆ ಗುಡ್ಡದ ಮೇಲೆ, ಆರಿಸಲು ನೀರಿಲ್ಲ. ಮರುವರ್ಷವೇ ಇತಾಯಾ ಹೇಯ್‌ಶಿರೊ ಎಂಬವನು ಸಾಯ್ ನದಿಯ ಮೇಲ್ಭಾಗದಿಂದ ಸುಮಾರು 11 ಕಿಲೋಮೀಟರ್ ಕಾಲುವೆ ತಂದ, ಅದರಲ್ಲಿ ಸುಮಾರು 4 ಕಿಲೋಮೀಟರ್ ಸುರಂಗ. ಹೆಸರು ತಾತ್ಸುಮಿ ಕಾಲುವೆ. ನೀರು ಈ ತೋಟದ ಗುಡ್ಡಕ್ಕೆ ಬರುತ್ತದೆ. ತೋಟಕ್ಕೂ ಕೋಟೆಗೂ ನಡುವೆ ಆಳವಾದ ಕಂದಕ. ನೀರನ್ನು ಕೊಳವೆಯಲ್ಲಿ ಮುಚ್ಚಿ ಕಂದಕದ ಕೆಳಗಿಳಿಸಿ, ಆಚೆ ದಂಡೆಯಲ್ಲಿ ತಾನಾಗಿ ಮೇಲೇರುವಂತೆ ಮಾಡಿದ. ಕೊಳವೆ ಮೊದಲು ಮರದ್ದು, ಆಮೇಲೆ ಕಲ್ಲಿನದು.

"ಇನ್ವರ್ಟೆಡ್ ಸೈಫನ್!" ಅಪ್ಪಯ್ಯ ಮಳೆಯಲ್ಲಿ ಛತ್ರಿ ಮಡಚಿ ಅದರ ತುದಿಯಿಂದ ಜಲ್ಲಿಯ ಮೇಲೆ ಗೆರೆ ಎಳೆದು ತೋರಿಸಿದರು. "ಮರದ ಕೊಳವೇಲಿ ಆ ಒತ್ತಡ ತಡೀಬೇಕಲ್ಲ, ಒಂದು ಕೀಲು ಸಡಿಲ ಆದ್ರೂ ಹೋಯ್ತು." ಅವರು ವಿಜಯಪುರದಲ್ಲಿದ್ದಾಗ ಆದಿಲ್‌ಶಾಹಿ ಕಾಲದ ನೀರಿನ ಗೋಪುರಗಳನ್ನು, ಅಲ್ಲಿನವರು ಗಂಜ್ ಅನ್ನುವುದನ್ನು, ನನಗೂ ತಮ್ಮನಿಗೂ ತೋರಿಸಿದ್ದರು. ಅವೂ ಕೊಳವೆಯ ಒತ್ತಡ ಇಳಿಸಲು ಕಟ್ಟಿದವು, ಹೆಚ್ಚುಕಡಿಮೆ ಇದೇ ಶತಮಾನದವು. ಆಗ ನಮಗೆ ಐಸ್‌ಕ್ರೀಮ್ ಬೇಕಿತ್ತು. ಹೇಯ್‌ಶಿರೊನ ಬಗ್ಗೆ ಇನ್ನೊಂದು ಐತಿಹ್ಯ ಇದೆ: ಕೋಟೆಯ ನೀರಿನ ಗುಟ್ಟು ಹೊರಬೀಳಬಾರದೆಂದು ಒಡೆಯರೇ ಅವನನ್ನು ಕೊಲ್ಲಿಸಿದರಂತೆ. ಅಪ್ಪಯ್ಯ "ಪೆನ್ಷನ್ ಉಳಿಸಿದ್ರು" ಅಂದರು.

ಕೆರೆಯ ಕೆಳಗಿನ ಮಟ್ಟದಲ್ಲಿ ಒಂದು ಕಾರಂಜಿ. ಪಂಪಿಲ್ಲ, ವಿದ್ಯುತ್ತಿಲ್ಲ, ಮೇಲಿನ ಕೆರೆಯ ಮಟ್ಟದ ಬಲದಿಂದಲೇ ಆಳೆರಡರಷ್ಟು ಚಿಮ್ಮುತ್ತದೆ. ಜಪಾನಿನ ಅತಿ ಹಳೆಯ ಕಾರಂಜಿ ಅನ್ನುತ್ತಾರೆ. ಎಲ್ಲರೂ ಕೆರೆದಂಡೆಯ ಎರಡು ಕಾಲಿನ ಕಲ್ಲು ದೀಪದ ಮುಂದೆ ಸರದಿಯಲ್ಲಿ ನಿಂತಿದ್ದರು, ಕಾರಂಜಿಯ ಮುಂದೆ ನಾವಿಬ್ಬರೇ. ಸೊಂಟ ಬಗ್ಗಿಸಿ ಪಾಚಿಯಿಂದ ಕಳೆ ಕೀಳುತ್ತಿದ್ದ ಹೆಂಗಸರು ಒಂದೊಂದೇ ಎಸಳನ್ನು ಬೆರಳಲ್ಲಿ ಎತ್ತಿ ಬುಟ್ಟಿಗೆ ಹಾಕುತ್ತಿದ್ದರು. ಅಮ್ಮನಿಗೆ ವಿಡಿಯೊ ಕಳಿಸಿದೆ. "ನಮ್ಮ ಅಂಗಳಕ್ಕೆ ಬರ್ತಾರಾ ಕೇಳು" ಅಂತ ಉತ್ತರ ಬಂತು.

ಕರಾಸಾಕಿ ಪೈನ್ ಎಂಬ ಮುದಿ ಮರಕ್ಕೆ ಸುತ್ತಲೂ ಊರುಗೋಲು. ನೆಲಕ್ಕೆ ಬಾಗಿದ ಕೊಂಬೆಗೆಲ್ಲ ಒಂದೊಂದು ಕಂಬದ ಆಸರೆ. ನವೆಂಬರಿನಿಂದ ಹಿಮದ ಭಾರಕ್ಕೆ ಕೊಂಬೆ ಮುರಿಯದಂತೆ ಮೇಲಿನಿಂದ ಹಗ್ಗವನ್ನೂ ಕಟ್ಟುತ್ತಾರಂತೆ. ನಮ್ಮ ಜಗಲಿಯ ಅಡಿಕೆ ದಬ್ಬೆ ನೆನಪಾಗಿ ನಗು ಬಂತು. ಅಪ್ಪಯ್ಯನಿಗೂ ಅದೇ ನೆನಪಾಗಿತ್ತು ಅನ್ನಿಸುತ್ತದೆ, ಮರದ ಬದಲು ಊರುಗೋಲಿನ ತಲೆಯ ಫೋಟೊ ತೆಗೆದುಕೊಂಡರು.

ಎಂಟನೇ ದಿನ: ಬಿಡಿಸಲಾಗದ ಕಚ್ಚು

ರಾತ್ರಿ ವಿಮಾನ. ಮಧ್ಯಾಹ್ನಕ್ಕೆ ಒಸಾಕಾ. ಕೋಟೆಯ ಗೋಪುರ ದೂರದಿಂದ ಗತ್ತಾಗಿ ಕಾಣುತ್ತದೆ, ಆದರೆ ಅದು 1931ರಲ್ಲಿ ಕಾಂಕ್ರೀಟಿನಲ್ಲಿ ಕಟ್ಟಿದ್ದು, ಒಳಗೆ ಲಿಫ್ಟು. "ನಿಂಗೆ, ನಿನ್ ತಮ್ಮಂಗೆ ಇದೇ ಸರಿ" ಅಂತ ಅಪ್ಪಯ್ಯ ಚುಚ್ಚಿದರು. ಒಳಗೆ ಹೋಗಲಿಲ್ಲ.

ಒತೆಮೊನ್ ಕೋಟೆಯ ಮುಖ್ಯ ಬಾಗಿಲು. ಸಾವಿರಾರು ಜನ ಅದರ ಕೆಳಗೆ ನಡೆದುಹೋಗುತ್ತಾರೆ. ಬಾಗಿಲಿಗೆ ಒತ್ತಾಸೆಯಾಗಿ ನಿಂತ ಕಂಬವೊಂದರ ಬುಡ 1923ರಲ್ಲಿ ಕೆಟ್ಟಾಗ ಅದಕ್ಕೆ ಹೊಸ ಬುಡ ಕೂಡಿಸಿದರು. ಕೂಡಿಕೆಯ ಎರಡು ಎದುರುಬದುರು ಮುಖಗಳಲ್ಲಿ, ಒಂದು ಕಡೆ ಅಗಲ ಇನ್ನೊಂದು ಕಡೆ ಕಿರಿದಾದ ನಾಲಿಗೆ ಕಚ್ಚಿಕೊಂಡ ಹಾಗಿದೆ. ಹಾಗಿದ್ದರೆ ಮೇಲಿನಿಂದ ಇಳಿಸಲಾಗದು, ಪಕ್ಕದಿಂದಲೇ ತೂರಿಸಬೇಕು. ಮಿಕ್ಕ ಎರಡು ಮುಖಗಳಲ್ಲಿ ನೋಡಿದರೆ ಗುಡ್ಡದ ಆಕಾರದ ಏಣು ಅಡ್ಡ ನಿಂತಿದೆ. ಹಾಗಿದ್ದರೆ ಪಕ್ಕದಿಂದ ತೂರಿಸಲಾಗದು. ಮೇಲಿನಿಂದಲೂ ಇಲ್ಲ, ಪಕ್ಕದಿಂದಲೂ ಇಲ್ಲ, ಆದರೂ ಕೂಡಿದೆ. ಮಾಡಿದ ಬಡಗಿ ಗುಟ್ಟು ಹೇಳಿ ಹೋಗಿರಲಿಲ್ಲ. 1983ರಲ್ಲಿ ಎಕ್ಸ್‌ರೇ ತೆಗೆಸಿದ ಮೇಲೇ ಒಳಗೇನಿದೆ ಅಂತ ಗೊತ್ತಾಗಿದ್ದು.

ಅಪ್ಪಯ್ಯ ಒಂದು ಗಂಟೆ ಅಲ್ಲೇ ಇದ್ದರು. ಟೇಪು ಹಿಡಿದರು, ನಾಲ್ಕೂ ಮುಖ ಬರೆದುಕೊಂಡರು, ಕಾವಲುಗಾರ ಒಮ್ಮೆ ಬಂದು ನೋಡಿ ಹೋದ. ಉತ್ತರ ನಾನು ಫೋನಿನಲ್ಲಿ ಹುಡುಕಲು ಹೊರಟರೆ "ಮುಟ್ಟಬೇಡ" ಅಂದರು. ನಾಲ್ಕು ಮುಖದ ಫೋಟೊಗಳನ್ನು ನಮ್ಮೂರಿನ ಬಡಗಿ ಆಚಾರರಿಗೆ ವಾಟ್ಸಾಪ್ ಮಾಡಿಸಿದರು. ಕೆಳಗೆ ಒಂದೇ ಸಾಲು: ಇದು ಹ್ಯಾಗೆ ಕೂಡ್ತು ಹೇಳಿ.

ಕಾನ್ಸಾಯ್‌ಗೆ ಹೋಗುವ ರೈಲಿನಲ್ಲಿ ನೀಲಿ ಗುರುತು ಬಿತ್ತು, ಉತ್ತರ ಬರಲಿಲ್ಲ. ಚೆಕ್‌ಇನ್ ಆಯಿತು, ಖಾಲಿ ಉಪ್ಪಿನಕಾಯಿ ಬಾಟಲಿಯಲ್ಲಿ ಉಮೆಬೊಶಿ ತುಂಬಿಸಿದ್ದೂ ಆಯಿತು. ವಿಮಾನದ ಬಾಗಿಲು ತೆರೆಯಲು ಇಪ್ಪತ್ತು ನಿಮಿಷ ಇರುವಾಗ ಆಚಾರರ ದನಿಯ ಮೆಸೇಜು. ಹಿಂದೆ ಹಂಚಿನ ಮೇಲೆ ಮಳೆ ಬೀಳುವ ಸದ್ದು.

"ಅಯ್ಯಾ, ಎದುರಿಂದ ನೋಡಿದ್ರೆ ಆಗೂದಿಲ್ಲ. ಮೂಲೆ ಹಿಡ್ದು ನೋಡಿ. ಓರೆ ಜಾರ್ಸಿದಾನೆ ಅಂವ. ಮೂಲೆಯಿಂದ ಮೂಲೆಗೆ, ಕೆಳಗಿಂದ ಮೇಲೆ." ಸ್ವಲ್ಪ ಬಿಟ್ಟು, "ಹಲಸಿನ ತುಂಡು ನನ್ನತ್ರ ಒಂದಿದೆ, ಒಣಗಿದ್ದು. ನೀವು ಬನ್ನಿ."

ಅಪ್ಪಯ್ಯ ಅದನ್ನು ಇನ್ನೊಮ್ಮೆ ಹಾಕು ಅಂದರು.